ಮೇಲಿನವರ ಬಚ್ಚಲು ಸೋರಿದರೆ ಖರ್ಚು ಯಾರದು?

ಮುಂಬಯಿಯ ಹೌಸಿಂಗ್ ಸೊಸೈಟಿಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಮುಲುಂಡ್‌ನ ಹಳೇ ಕಟ್ಟಡದಲ್ಲಿ ನಾವು ಎರಡನೇ ಮಹಡಿಯವರು. ಮೂರು ತಿಂಗಳಿಂದ ಬಚ್ಚಲಿನ ಸೀಲಿಂಗ್ ತೊಟ್ಟಿಕ್ಕುತ್ತಿದೆ. ಮೇಲಿನ ಮನೆಯವರು ನಮ್ಮ ಊರ ಕಡೆಯವರೇ. ‘ಪ್ಲಂಬರ್ ಕರೆಸಿ ಸರಿ ಮಾಡಿಸಿಯಾಯಿತು, ಇನ್ನು ನಮ್ಮದಲ್ಲ’ ಅನ್ನುತ್ತಾರೆ. ಸೆಕ್ರೆಟರಿ ‘ನೀವು ನೀವೇ ಮಾತಾಡಿಕೊಳ್ಳಿ’ ಎನ್ನುತ್ತಾರೆ. ಖರ್ಚು ಯಾರದು?

ನೀರು ಎಲ್ಲಿಂದ ಬರುತ್ತಿದೆ ಅನ್ನುವುದು ತಿಳಿಯುವ ತನಕ ಖರ್ಚಿನ ಮಾತೇ ಬೇಡ. ಮಾದರಿ ಉಪವಿಧಿಗಳು (ಹೌಸಿಂಗ್ ಸೊಸೈಟಿಗಳಿಗೆಂದು ರಾಜ್ಯ ಸರ್ಕಾರ ಕೊಟ್ಟ ಮಾದರಿ ನಿಯಮಗಳು) ಭಾಗ ಮಾಡಿರುವುದೇ ಹಾಗೆ. ಮಳೆನೀರಿನ ಸೋರಿಕೆ, ಹೊರಗಿನ ಸಾಮೂಹಿಕ ನೀರಿನ ಪೈಪು, ಡ್ರೈನೇಜ್ ಪೈಪು ಇವೆಲ್ಲ ಸೊಸೈಟಿಯ ಖರ್ಚು. ಟಾಯ್ಲೆಟ್, ಸಿಂಕ್ ಮುಂತಾದ ಒಳಗಿನ ಸೋರಿಕೆ ಸಂಬಂಧಪಟ್ಟ ಫ್ಲ್ಯಾಟಿನವರ ಖರ್ಚು. ಒಂದೇ ಕಲೆ, ಎರಡು ಜೇಬು.

ಮೊದಲು ಒಂದು ವಾರ ಸುಮ್ಮನೆ ನೋಡಿ, ಗಂಟೆ ಬರೆದಿಡಿ. ಹಗಲು ರಾತ್ರಿ ಒಂದೇ ಸಮ ತೊಟ್ಟಿಕ್ಕಿದರೆ ಗೋಡೆಯೊಳಗಿನ ಸಪ್ಲೈ ಪೈಪಿನ ಮೇಲೆ ಅನುಮಾನ. ಟೆರೇಸಿನ ಟ್ಯಾಂಕಿನ ಒತ್ತಡ ಅದರ ಮೇಲೆ ಸದಾ ಇರುತ್ತದೆ. ಬೆಳಗಿನ ಸ್ನಾನದ ಹೊತ್ತಾದ ಮೇಲೆ ಹೆಚ್ಚಿದರೆ ನೆಲ ಇಲ್ಲವೇ ನಹಾನಿ ಟ್ರ್ಯಾಪ್, ಅಂದರೆ ಬಚ್ಚಲಿನ ನೀರು ಹೊರಹೋಗುವ ಜಾಲರಿ ಬಾಯಿ. ಹಳದಿ ಕಲೆ, ನಾತ ಇದ್ದರೆ ಕಮೋಡಿನ ಜೋಡಣೆ. ಮಳೆ ಬಂದಾಗ ಮಾತ್ರ ಸೋರಿದರೆ ಹೊರಗೋಡೆ ಅಥವಾ ಡಕ್ಟ್ (ಪೈಪುಗಳು ಇಳಿಯುವ ಸಂದು). ಆಗ ಮೇಲಿನವರನ್ನು ಬಿಟ್ಟು ಸೊಸೈಟಿಯನ್ನೇ ಕೇಳಬೇಕು.

ಪರೀಕ್ಷೆಗೆ ಸೆಕ್ರೆಟರಿ ಇಲ್ಲವೇ ಕಮಿಟಿಯವರೊಬ್ಬರು ಎದುರಿಗಿರಲಿ. ಮೊದಲ ರಾತ್ರಿ ಮೇಲಿನ ಬಚ್ಚಲಿಗೆ ನೀರು ಬರುವ ವಾಲ್ವ್ ಮುಚ್ಚಿಸಿ. ತೊಟ್ಟು ನಿಧಾನವಾದರೆ ಸಪ್ಲೈ ಪೈಪು. ಏನೂ ವ್ಯತ್ಯಾಸ ಕಾಣದಿದ್ದರೆ ನೆಲದ ಪರೀಕ್ಷೆ: ನಹಾನಿಯ ಬಾಯಿಗೆ ಬಟ್ಟೆ ಸುತ್ತಿದ ಬಿರಡೆ ಬಿಗಿದು, ಹೊಸ್ತಿಲು ದಾಟದ ಹಾಗೆ ಒಂದು ಇಂಚು ನೀರು ನಿಲ್ಲಿಸಿ, ಅಡುಗೆಯ ಕೆಂಪು ಬಣ್ಣ ಬೆರೆಸಿ, ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಟೇಪ್ ಅಂಟಿಸಿ 24 ಗಂಟೆ ಬಿಡಿ. ಮಟ್ಟ ಎದ್ದುಕಾಣುವಷ್ಟು ಇಳಿದು ಕೆಳಗೆ ಬಣ್ಣ ಬಂದರೆ ವಾದಕ್ಕೆ ಜಾಗವಿಲ್ಲ. ಬಣ್ಣ ಬರಲಿಲ್ಲವೆಂದು ಮಾತ್ರ ಕೈಬಿಡಬೇಡಿ. ಕೆಳಗೆ ತುಂಬಿದ ಇಟ್ಟಿಗೆ ಚೂರು ಬಣ್ಣವನ್ನು ಹಿಡಿದಿಟ್ಟುಕೊಳ್ಳಬಹುದು.

ಈ ಇಟ್ಟಿಗೆ ಚೂರಿನ ಕತೆ ಸ್ವಲ್ಪ ಹೇಳಬೇಕು. ಹಳೇ ಕಟ್ಟಡಗಳ ಬಚ್ಚಲಿನಲ್ಲಿ ಸ್ಲ್ಯಾಬ್ ತಗ್ಗಾಗಿರುತ್ತದೆ. ಆ ತಗ್ಗಿಗೆ ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕಿರುತ್ತಾರೆ. ತಿಂಗಳುಗಟ್ಟಲೆ ಸೋರಿದ ನೀರನ್ನು ಅದು ಸ್ಪಂಜಿನಂತೆ ಕುಡಿದು ಕೂತಿರುತ್ತದೆ. ಮೇಲೆ ರಿಪೇರಿ ಸರಿಯಾಗಿಯೇ ಆಗಿದ್ದರೂ ಕೆಳಗೆ ಹಲವು ದಿನ ತೊಟ್ಟಿಕ್ಕುತ್ತಲೇ ಇರುತ್ತದೆ. ‘ಸರಿ ಮಾಡಿಸಿಯಾಯಿತು’ ಅನ್ನುವವರೂ ಸುಳ್ಳು ಹೇಳುತ್ತಿಲ್ಲ, ‘ಇನ್ನೂ ಸೋರುತ್ತಿದೆ’ ಅನ್ನುವವರೂ ಸುಳ್ಳು ಹೇಳುತ್ತಿಲ್ಲ. ಅರ್ಧ ಜಗಳ ಹುಟ್ಟುವುದೇ ಇಲ್ಲಿ. ರಿಪೇರಿಯ ನಂತರ ಎರಡು ಮೂರು ವಾರ ಕಾಯಿರಿ. ದಿನ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಅದು ಹಳೇ ನೀರು. ಹಾಗೇ ಇದ್ದರೆ ರಿಪೇರಿ ಬಿದ್ದದ್ದು ತಪ್ಪು ಜಾಗಕ್ಕೆ.

ನೆಲವೇ ಕಾರಣ ಎಂದಾದರೂ ಮೊದಲ ದಿನವೇ ಒಡೆಸಬೇಡಿ. ಟೈಲ್ಸ್ ಸಂದುಗಳ ಹಳೇ ಬಿಳಿ ಸಿಮೆಂಟ್ ಕೆರೆದು ಎಪಾಕ್ಸಿ ತುಂಬುವುದು, ನಹಾನಿಯ ಸುತ್ತ ಬಿಡಿಸಿ ಪಾಲಿಮರ್ ಗಾರೆ ಹಾಕುವುದು ಕಡಿಮೆ ಖರ್ಚಿನ ದಾರಿ. ಅದಕ್ಕೂ ನಿಲ್ಲದಿದ್ದರೆ ಸ್ಲ್ಯಾಬ್ ತನಕ ಒಡೆದು ವಾಟರ್‌ಪ್ರೂಫಿಂಗ್ ಮಾಡಿಸಲೇಬೇಕು. ಟೈಲ್ಸ್ ಕೂರಿಸುವ ಮೊದಲು ಕನಿಷ್ಠ 48 ಗಂಟೆ ನೀರು ನಿಲ್ಲಿಸಿ ನೋಡಬೇಕು. ಕಂಟ್ರಾಕ್ಟರ್ ತಪ್ಪಿಸಿಕೊಳ್ಳುವುದು ಇದೊಂದನ್ನೇ. ಆ 48 ಗಂಟೆಯ ನಂತರ ಬಿಲ್ಲಿನ ಕೊನೇ ಕಂತು ಕೊಡಿ.

ನಿಮ್ಮ ಕಡೆಯಿಂದಲೂ ಒಂದು ಎಚ್ಚರ ಬೇಕು. ಸೀಲಿಂಗ್ ಒಣಗುವ ಮುನ್ನ ಸಿಮೆಂಟ್ ಬಳಿದು ಬಣ್ಣ ಹೊಡೆಸಿದರೆ ನೀರು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಆಮೇಲೆ ಪ್ಲಾಸ್ಟರಿನ ಜೊತೆ ಕಾಂಕ್ರೀಟ್ ಹಪ್ಪಳೆಯೂ ಉದುರುತ್ತದೆ. ಸರಳು ಆಗಲೇ ಕಾಣುತ್ತಿದ್ದರೆ ಪ್ಲಂಬರ್ ಸಾಕಾಗದು, ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ.

ಇನ್ನು ಸೆಕ್ರೆಟರಿಯ ಮಾತು. ದೂರು ಬಂದರೆ ಮುಂಚಿತವಾಗಿ ತಿಳಿಸಿ ಫ್ಲ್ಯಾಟ್ ಪರಿಶೀಲಿಸುವುದು ಅವರ ಕೆಲಸವೇ. ಬಾಯಿಮಾತು ಬಿಟ್ಟು ದೂರನ್ನು ಬರೆದು ಕೊಡಿ, ಪ್ರತಿಯ ಮೇಲೆ ತಾರೀಖು ಹಾಕಿ ಸಹಿ ತಗೊಳ್ಳಿ. ಊರವರಿಗೆ ಕಾಗದ ಕೊಡಲು ಸಂಕೋಚವಾದರೆ, ಸೊಸೈಟಿಗೆ ಬರೆದ ಕಾಗದ ಅವರಿಗೆ ಬರೆದದ್ದಲ್ಲ ಎಂದುಕೊಳ್ಳಿ. ಅಷ್ಟಾದರೂ ಮೇಲಿನವರು ಬಾಗಿಲು ತೆಗೆಯದಿದ್ದರೆ ಸೋರಿಕೆಯ ವಿವಾದಕ್ಕೆ ಇರುವ ಜಾಗ ಸಹಕಾರಿ ನ್ಯಾಯಾಲಯ, ರಿಜಿಸ್ಟ್ರಾರ್ ಕಚೇರಿಯಲ್ಲ. ಅನೇಕರು ರಿಜಿಸ್ಟ್ರಾರ್ ಕಚೇರಿಗೆ ಅಲೆದು ತಿಂಗಳು ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ಘಾಟ್ಕೋಪರ್‌ನ ನಮ್ಮ ಸೊಸೈಟಿಯಲ್ಲಿ ಮಳೆಗಾಲ ಶುರುವಾದಾಗಿನಿಂದ ನಲ್ಲಿ ನೀರಿಗೆ ವಾಸನೆ. ಟ್ಯಾಂಕ್ ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿದರೂ ವಾರಕ್ಕೇ ಮತ್ತೆ ಅದೇ. ಬಿಎಂಸಿಗೆ (ಮುಂಬಯಿ ಮಹಾನಗರ ಪಾಲಿಕೆಗೆ) ದೂರು ಕೊಡಬೇಕೇ?

ಮೂರು ಪಾರದರ್ಶಕ ಬಾಟಲಿ ತಗೊಳ್ಳಿ. ಒಂದರಲ್ಲಿ ನೀರು ಬಿಟ್ಟ ಹೊತ್ತಿಗೆ ಮೀಟರಿನ ಬಳಿಯದು, ಇನ್ನೊಂದರಲ್ಲಿ ನೆಲದಡಿಯ ಟ್ಯಾಂಕಿನದು, ಮೂರನೆಯದರಲ್ಲಿ ಅಡುಗೆಮನೆ ನಲ್ಲಿಯದು ಹಿಡಿದು ಪಕ್ಕಪಕ್ಕ ಇಡಿ. ಯಾವ ಬಾಟಲಿಯಿಂದ ಕೆಟ್ಟಿದೆ ಅನ್ನುವುದು ಉತ್ತರ ಹೇಳುತ್ತದೆ.

ಮೀಟರಿನ ಬಳಿಯೇ ಮೊದಲ ಹತ್ತು ನಿಮಿಷ ಕಲಕು, ಆಮೇಲೆ ತಿಳಿ ಬಂದರೆ ದೋಷ ಲೈನಿನದು. ದಿನಕ್ಕೆ ಕೆಲವೇ ಗಂಟೆ ನೀರು ಬರುವ ಊರು ನಮ್ಮದು. ಉಳಿದ ಹೊತ್ತು ಪೈಪು ಖಾಲಿ, ಒಳಗೆ ಒತ್ತಡವಿಲ್ಲ, ಬಿರುಕಿದ್ದರೆ ಪಕ್ಕದ ಗಟಾರದ ನೀರು ಒಳಗೆ ಎಳೆದುಕೊಳ್ಳುತ್ತದೆ. ಬಿಎಂಸಿಯ ಸಹಾಯವಾಣಿ 1916ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಂಡು ವಾರ್ಡ್ ಆಫೀಸಿನ ನೀರಿನ ವಿಭಾಗಕ್ಕೆ ಹೋಗಿ. ಅಕ್ಕಪಕ್ಕದ ಕಟ್ಟಡಗಳಲ್ಲೂ ಹೀಗೇ ಇದೆಯೇ ಎಂದು ಕೇಳಿಕೊಂಡು ಹೋದರೆ ಇಂಜಿನಿಯರಿಗೆ ಅಗೆಯುವ ಜಾಗ ಬೇಗ ಸಿಗುತ್ತದೆ.

ಮೀಟರಿನ ನೀರು ತಿಳಿ, ನೆಲದಡಿಯ ಟ್ಯಾಂಕಿನದು ಕೆಟ್ಟದ್ದು ಅಂದರೆ ದೋಷ ನಿಮ್ಮ ಕಾಂಪೌಂಡಿನದೇ. ಟ್ಯಾಂಕಿನ ಬಾಯಿ ನೆಲಮಟ್ಟಕ್ಕೇ ಇದೆಯೇ, ಪಕ್ಕದಲ್ಲಿ ಡ್ರೈನೇಜ್ ಚೇಂಬರ್ ಇದೆಯೇ ನೋಡಿ. ಅಂಗಳಕ್ಕೆ ಪದೇ ಪದೇ ಪೇವರ್ ಹಾಕಿಸಿದ ಸೊಸೈಟಿಗಳಲ್ಲಿ ನೆಲ ಏರುತ್ತಾ ಹೋಗಿ ಟ್ಯಾಂಕಿನ ಬಾಯಿ ಹಳ್ಳಕ್ಕೆ ಬಿದ್ದಿರುತ್ತದೆ. ಬಾಯಿಯ ಸುತ್ತ ಒಂದಡಿ ಕಟ್ಟೆ ಎತ್ತಿ, ಬಿಗಿ ಮುಚ್ಚಳ ಹಾಕಿಸಿ. ಟ್ಯಾಂಕಿನ ಗೋಡೆಯೇ ಬಿರುಕು ಬಿಟ್ಟಿದ್ದರೆ ಎಷ್ಟು ಸಲ ತೊಳೆಸಿದರೂ ದಂಡ. ವಾರಕ್ಕೇ ವಾಸನೆ ಮರಳುವುದು ನೋಡಿದರೆ ನಿಮ್ಮಲ್ಲಿ ಇವೆರಡರಲ್ಲಿ ಒಂದು ಇರಬಹುದು. ಕೆಟ್ಟದ್ದು ಮೂರನೇ ಬಾಟಲಿ ಮಾತ್ರವಾದರೆ ಟೆರೇಸಿನ ಟ್ಯಾಂಕ್ ತೊಳೆಸಿದರೆ ಸಾಕು.

ಬ್ಲೀಚಿಂಗ್ ಪೌಡರಿನ ಲೆಕ್ಕ: ಒಳ್ಳೇ ಪುಡಿಯಾದರೆ 1,000 ಲೀಟರಿಗೆ 2.5 ಗ್ರಾಂ. ಅಂದರೆ 20,000 ಲೀಟರ್ ಟ್ಯಾಂಕಿಗೆ 50 ಗ್ರಾಂ. ಮುಷ್ಟಿ ತುಂಬಾ ಎಸೆಯುವುದು ಲೆಕ್ಕವಲ್ಲ. ಬಕೆಟ್ಟಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು ಒಂದು ಗಂಟೆ ಕಾಯಿರಿ. ತೆರೆದಿಟ್ಟ ಹಳೇ ಪ್ಯಾಕೆಟ್ ತೇವ ಎಳೆದು ಕ್ಲೋರಿನ್ ಕಳೆದುಕೊಂಡಿರುತ್ತದೆ, ಬಿಳಿ ಪುಡಿಯಷ್ಟೇ ಉಳಿದಿರುತ್ತದೆ. ಗಟಾರದ ನೀರು ಸೇರಿದ ಅನುಮಾನವಿರುವ ತನಕ ಕುಡಿಯುವ ನೀರು ಕುದಿಸಿಯೇ ಕುಡಿಯಿರಿ.

ತೊಳೆಯಲು ಒಬ್ಬನನ್ನೇ ನೆಲದಡಿಯ ಟ್ಯಾಂಕಿಗೆ ಇಳಿಸಬೇಡಿ. ಮುಚ್ಚಿಟ್ಟ ಟ್ಯಾಂಕಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು, ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಇದು ಟ್ಯಾಂಕ್ ತೊಳೆಯುವ ಏಜೆನ್ಸಿಯ ಕೆಲಸ: ಮೊದಲೇ ಬಾಯಿ ತೆರೆದು ಗಾಳಿ ಹಾಯಿಸಿ, ಗ್ಯಾಸ್ ಮೀಟರಿನಲ್ಲಿ ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೊಬ್ಬ ಕಾದು ನಿಂತಿರಬೇಕು. ಇನ್ನು ಓವರ್‌ಫ್ಲೋ ಪೈಪಿಗೆ ಬಲೆ ಕಟ್ಟಿದ್ದೀರಾ ನೋಡಿ. ಈ ಊರಿನ ಮಲೇರಿಯಾ ಸೊಳ್ಳೆ ಮೊಟ್ಟೆಯಿಡುವುದು ಇಂಥ ಶುದ್ಧ ನೀರಿನ ಟ್ಯಾಂಕಿನಲ್ಲೇ.

ಪ್ರಶ್ನೆ: ನಮ್ಮದು ನೆಲಮಹಡಿ. ಲಿಫ್ಟ್ ಹತ್ತುವುದೇ ಇಲ್ಲ, ಆದರೂ ಲಿಫ್ಟ್ ಖರ್ಚು ಕೊಡಬೇಕೇ?

ಕೊಡಬೇಕು. ಬಳಸಲಿ ಬಿಡಲಿ, ಆ ಲಿಫ್ಟ್ ಇರುವ ಕಟ್ಟಡದ ಸದಸ್ಯರೆಲ್ಲರಿಗೂ ಸಮಪಾಲು ಎಂದು ಮಾದರಿ ಉಪವಿಧಿಯಲ್ಲೇ ಇದೆ.

ಪ್ರಶ್ನೆ: ಚೆಂಬೂರಿನ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೇವೆ. ಸೊಸೈಟಿ ತಿಂಗಳಿಗೆ 640 ರೂಪಾಯಿ ನಾನ್-ಆಕ್ಯುಪೆನ್ಸಿ (ಮಾಲೀಕರು ತಾವೇ ವಾಸವಿಲ್ಲದ್ದಕ್ಕೆ ಹಾಕುವ ಶುಲ್ಕ) ಹಾಕುತ್ತಿದೆ. ಸರಿಯೇ?

ನೀವು ಕಳಿಸಿದ ಬಿಲ್ಲಿನ ಒಟ್ಟು ಮೊತ್ತ 6,400. ಅದಕ್ಕೇ ಶೇಕಡಾ 10 ಹಾಕಿದ್ದಾರೆ. ಇದು ಖಜಾಂಚಿಗಳು ಮಾಡುವ ಮಾಮೂಲಿ ತಪ್ಪು. ರಾಜ್ಯ ಸರ್ಕಾರ 2001ರಲ್ಲಿ ಹಾಕಿದ ಮಿತಿ ಸರ್ವಿಸ್ ಚಾರ್ಜಿನ (ಸಿಬ್ಬಂದಿ ಸಂಬಳ, ಕಚೇರಿ ಖರ್ಚು ಮುಂತಾದವುಗಳ ಪಾಲು) ಶೇಕಡಾ 10 ಮಾತ್ರ. ಮುನ್ಸಿಪಲ್ ತೆರಿಗೆ ಅದರಲ್ಲಿ ಸೇರುವುದಿಲ್ಲ. ರಿಪೇರಿ ಫಂಡ್, ಸಿಂಕಿಂಗ್ ಫಂಡ್ (ಮುಂದಿನ ದೊಡ್ಡ ಕೆಲಸಕ್ಕೆ ಕೂಡಿಡುವ ಹಣ), ನೀರಿನ ಬಾಬತ್ತುಗಳೂ ಸರ್ವಿಸ್ ಚಾರ್ಜ್ ಅಲ್ಲ. ನಿಮ್ಮ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ 2,100, ಹಾಗಾಗಿ ಕೊಡಬೇಕಾದದ್ದು 210. ಫ್ಲ್ಯಾಟಿನಲ್ಲಿ ಇರುವವರು ನಿಮ್ಮ ಮಗ ಅಥವಾ ಮಗಳಾದರೆ ಅದೂ ಇಲ್ಲ. ಹೆಚ್ಚಿಗೆ ಕಟ್ಟಿದ ತಿಂಗಳುಗಳ ಪಟ್ಟಿ ಮಾಡಿ, ಮುಂದಿನ ಬಿಲ್ಲಿನಲ್ಲಿ ಜಮಾ ಮಾಡಿಕೊಳ್ಳುವಂತೆ ಬರೆದು ಕೊಡಿ. ಅಷ್ಟರ ತನಕ 210 ಮತ್ತು ಉಳಿದ ಬಾಬತ್ತುಗಳನ್ನು ತಪ್ಪದೆ ಕಟ್ಟುತ್ತಿರಿ, ಇಲ್ಲವಾದರೆ ಬಾಕಿದಾರರ ಪಟ್ಟಿಯಲ್ಲಿ ನಿಮ್ಮದೇ ಹೆಸರು ಬರುತ್ತದೆ.