ಟ್ಯಾಂಕ್ ಫಿರಂಗಿಯ ನಳಿಕೆ ನಡುವೆ ಆ ದಪ್ಪ ಉಬ್ಬು ಯಾಕಿರುತ್ತೆ?

ಗುಂಡು ಹಾರಿಸಿದ ಮೇಲೆ ಹೊಗೆ ಒಳಗಿರುವ ಸೈನಿಕರ ಕಡೆ ಬರದಂತೆ ಹೊರಗೆ ಎಳೆಯೋಕೆ. ಸುಮ್ನೆ ಕೆಮ್ಮು ಬರಿಸುವ ಹೊಗೆಯಲ್ಲ ಅದು, ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ, ಮುಚ್ಚಿದ ಟ್ಯಾಂಕಿನೊಳಗೆ ಜೀವಕ್ಕೇ ಅಪಾಯ.

ಆ ಉಬ್ಬು ನಳಿಕೆಯ ಸುತ್ತ ಇರುವ ಟೊಳ್ಳು ಡಬ್ಬಿ. ಅದರೊಳಗೆ ನಳಿಕೆಗೆ ಸಣ್ಣ ತೂತುಗಳಿರುತ್ತವೆ, ಬಾಯಿಯ ಕಡೆಗೆ ಓರೆಯಾಗಿ ಕೊರೆದವು. ಗುಂಡು ತೂತುಗಳನ್ನು ದಾಟಿದ ತಕ್ಷಣ ಹಿಂದಿನ ಬಿಸಿ ಅನಿಲ ಭಾರೀ ಒತ್ತಡದಲ್ಲಿ ಡಬ್ಬಿಗೆ ನುಗ್ಗಿ ತುಂಬಿಕೊಳ್ಳುತ್ತೆ. ಗುಂಡು ಹೊರಬಿದ್ದ ಮೇಲೆ ನಳಿಕೆಯ ಒತ್ತಡ ಕುಸಿಯುತ್ತೆ, ಆಗ ಡಬ್ಬಿಯ ಅನಿಲ ಅದೇ ಓರೆ ತೂತುಗಳಿಂದ ಬಾಯಿಯ ಕಡೆಗೆ ಚಿಮ್ಮಿ, ಉಳಿದ ಹೊಗೆಯನ್ನೂ ಜೊತೆಗೆ ಎಳೆದೊಯ್ಯುತ್ತೆ. ಮೋಟರ್ ಇಲ್ಲ, ಫ್ಯಾನ್ ಇಲ್ಲ. ನನಗೆ ತುಂಬಾ ಇಷ್ಟವಾಗೋದೇ ಇದು!

ನಮ್ಮ ಅರ್ಜುನ್, ಟಿ-90 ಎರಡರಲ್ಲೂ ಇದನ್ನು ನೋಡಬಹುದು. ಆದರೆ ಫ್ರಾನ್ಸಿನ ಲೆಕ್ಲೇರ್ ಟ್ಯಾಂಕಿನಲ್ಲಿ ಈ ಉಬ್ಬಿಲ್ಲ, ಅಲ್ಲಿ ಒತ್ತಿಟ್ಟ ಗಾಳಿ ಊದಿ ಹೊಗೆ ಓಡಿಸುತ್ತಾರೆ.