ಹರವಿ ಒಂದೇ, ಬಾಯಾರಿಕೆ ಬೇರೆ ಬೇರೆ

ಪ್ರಶ್ನೆ: ಡಾಕ್ಟರೇ, ನಮ್ಮದು ಕಲಬುರಗಿ. ಮನೆಯಲ್ಲಿ ಆರು ಜನ. ಏಪ್ರಿಲ್ ಬಂತೆಂದರೆ ದಿನಾ ನೀರಿನದೇ ಜಗಳ. ನೀರಿಲ್ಲ ಅಂತಲ್ಲ, ಕುಡಿಯುವುದಿಲ್ಲ ಅಂತ. ಅತ್ತೆಗೆ 72 ವರ್ಷ, ಬಿ.ಪಿ. ಮಾತ್ರೆ ತಗೋತಾರೆ. "ನೀರು ಕುಡದ್ರ ರಾತ್ರಿ ನಾಕ್ ಸಲ ಏಳಬೇಕವ್ವ" ಅಂತ ದಿನಕ್ಕೆ ಮೂರು ಲೋಟ ದಾಟುವುದಿಲ್ಲ. ಎಂಟನೇ ಕ್ಲಾಸಿನ ಮಗಳು ಬಾಟ್ಲಿಯನ್ನು ಹೇಗೆ ಒಯ್ದಳೋ ಹಾಗೇ ತುಂಬಿದ್ದು ತರುತ್ತಾಳೆ. ಈ ವರ್ಷ ಎರಡು ಸಲ ಉರಿಮೂತ್ರ ಆಯಿತು. ನಮ್ಮ ಯಜಮಾನರು ಕಲ್ಲು ಪಾಲಿಶ್ ಘಟಕದಲ್ಲಿ ಮೇಲ್ವಿಚಾರಕರು, ಬಿಸಿಲಲ್ಲೇ ನಿಲ್ಲುವ ಕೆಲಸ. ವಾಟ್ಸಾಪಿನಲ್ಲಿ ಏನೋ ನೋಡಿ ಬೆಳಿಗ್ಗೆ ಎದ್ದ ಕೂಡಲೇ ಎರಡು ಲೀಟರ್ ಒಂದೇ ದಮ್ಮಿಗೆ ಕುಡಿಯುತ್ತಾರೆ. ಬಾಣಂತನಕ್ಕೆ ಬಂದಿರುವ ನಾದಿನಿಯ ಕೂಸಿಗೆ ನಾಲ್ಕು ತಿಂಗಳು. ಸೆಕೆಗೆ ಬಾಯಿ ಒಣಗುತ್ತದೆ ಅಂತ ಅತ್ತೆ ಅದಕ್ಕೆ ಚಮಚದಲ್ಲಿ ನೀರು ಹಾಕುತ್ತಾರೆ. ಒಬ್ಬೊಬ್ಬರಿಗೆ ಎಷ್ಟೆಷ್ಟು ಲೋಟ ಎಂದು ಹೇಳಿ, ಬರೆದು ಗೋಡೆಗೆ ಅಂಟಿಸುತ್ತೇನೆ.

ಉತ್ತರ: ಲೋಟದ ಲೆಕ್ಕ ಗೋಡೆಗೆ ಅಂಟಿಸಬೇಡಿ ತಾಯಿ. ನಿಮ್ಮ ಪತ್ರದಲ್ಲೇ ಉತ್ತರ ಅರ್ಧ ಇದೆ: ಅತ್ತೆ ಕುಡಿಯದಿರಲು ಒಂದು ಕಾರಣ, ಮಗಳು ಕುಡಿಯದಿರಲು ಇನ್ನೊಂದು. ಆ ಕಾರಣ ಸರಿಹೋಗದೆ "ನೀರು ಕುಡಿ, ನೀರು ಕುಡಿ" ಎಂದು ಬೆನ್ನು ಹತ್ತಿದರೆ ಜಗಳ ಬೆಳೆಯುತ್ತದೆ, ನೀರು ಹರವಿಯಲ್ಲೇ ಉಳಿಯುತ್ತದೆ.

ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕು ಎಂದು ಎಲ್ಲರೂ ಹೇಳುವ ಮಾತಿಗೆ ಹಳೆಯ ಮೂಲವೊಂದಿದೆ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ದೊಡ್ಡವರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕು ಎಂದಿತು. ಇದರಲ್ಲಿ ಹೆಚ್ಚಿನ ಪಾಲು ಊಟದಲ್ಲೇ ಸಿಗುತ್ತದೆ ಎಂಬ ಮಾತೂ ಅಲ್ಲೇ ಇತ್ತು. ಅದನ್ನು ಜನ ಬಿಟ್ಟರು, ಅಂಕಿಯನ್ನು ಹಿಡಿದುಕೊಂಡರು. ಸಾರು, ಮಜ್ಜಿಗೆ, ಅಂಬಲಿ, ಗಂಜಿ ಎಲ್ಲವೂ ನೀರೇ. ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರು, ಕಲ್ಲಂಗಡಿಯಲ್ಲಿ 90ಕ್ಕೂ ಹೆಚ್ಚು. ಎಂಟು ಲೋಟ, ಅಂದರೆ ಸುಮಾರು ಎರಡು ಲೀಟರ್ ಎನ್ನುವುದು ಅಂದಾಜಿಗೆ ಪರವಾಗಿಲ್ಲ. ಆದರೆ ನೆರಳಲ್ಲಿ ಕೂತವರಿಗೂ 42 ಡಿಗ್ರಿಯಲ್ಲಿ ಕಲ್ಲಿನ ಮುಂದೆ ನಿಂತವರಿಗೂ ಅದೇ ಲೆಕ್ಕ ಹೇಗಾದೀತು? ಬೇಸಿಗೆಯಲ್ಲಿ ಸರ್ಕಾರಿ ಕಚೇರಿಯನ್ನೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಸೀಮೆ ನಮ್ಮದು.

ಲೋಟದ ಬದಲು ಮೂತ್ರದ ಬಣ್ಣ ನೋಡಿ. ಒಣಗಿದ ಜೋಳದ ದಂಟಿನಂತೆ ತಿಳಿ ಹಳದಿ ಇದ್ದರೆ ಸಾಕಷ್ಟು ನೀರು ಹೋಗಿದೆ. ಕುಸುಬಿ ಎಣ್ಣೆಯ ಬಣ್ಣಕ್ಕೆ ತಿರುಗಿದರೆ ಸಾಲದು. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗುವವರಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅವರದು ಹೇಗೂ ಹಳದಿಯೇ.

ಈಗ ಅತ್ತೆಯವರ ವಿಷಯ. ನಿಮ್ಮ ಮನೆಯಲ್ಲಿ ನನಗೆ ಹೆಚ್ಚು ಚಿಂತೆ ಇರುವುದು ಇವರದೇ. ವಯಸ್ಸಾದಂತೆ ಬಾಯಾರಿಕೆ ಮಂಕಾಗುತ್ತದೆ. ದೇಹ ಒಣಗುತ್ತಿದ್ದರೂ ನಾಲಿಗೆ ನೀರು ಕೇಳುವುದಿಲ್ಲ. ಅವರ ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದ್ದರೆ ಇನ್ನೂ ಕಷ್ಟ. ಮಾತ್ರೆಯ ಪಟ್ಟಿಯನ್ನು ಒಮ್ಮೆ ವೈದ್ಯರಿಗೆ ತೋರಿಸಿ, ಬೇಸಿಗೆಗೆ ಪ್ರಮಾಣ ಬದಲಿಸಬೇಕೇ ಎಂದು ಕೇಳಿ. ನೀವೇ ನಿಲ್ಲಿಸಬೇಡಿ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲವು ವರ್ಷದ ಹಿಂದೆ ಒಂದು ಮೇ ತಿಂಗಳಲ್ಲಿ ನನ್ನ ಅವ್ವ ಇದ್ದಕ್ಕಿದ್ದಂತೆ ನನ್ನನ್ನು ತೀರಿಹೋದ ಸೋದರಮಾವನ ಹೆಸರು ಹಿಡಿದು ಕರೆಯತೊಡಗಿದಳು. ಎರಡು ದಿನ ನಾನು ಅರಳುಮರಳು ಎಂದೇ ಅಂದುಕೊಂಡೆ. ಮೂರನೇ ದಿನ ಮಾತ್ರೆ ಕೊಡಲು ಹೋದಾಗ ನಾಲಿಗೆ ಕಂಡಿತು: ಒಣಗಿದ ಹುಣಸೆಸಿಪ್ಪೆಯ ಹಾಗೆ, ನಡುವೆ ಬಿರುಕು. ಡ್ರಿಪ್ ಹಾಕಿದ ಮಾರನೆಯ ಬೆಳಿಗ್ಗೆ "ಚಾ ಎಲ್ಲಿ?" ಎಂದು ನನ್ನ ಹೆಸರು ಹಿಡಿದೇ ಗದರಿಸಿದಳು. ಊರಿಗೆಲ್ಲ ನಾಲಿಗೆ ಚಾಚಿ ಎನ್ನುವ ವೈದ್ಯ ಮನೆಯಲ್ಲಿ ನೋಡಿರಲಿಲ್ಲ. ಮುದುಕರ ಚರ್ಮ ಹೇಗೂ ಸಡಿಲ, ಅದನ್ನು ಚಿವುಟಿ ನೋಡಿದರೆ ಏನೂ ತಿಳಿಯುವುದಿಲ್ಲ. ನಾಲಿಗೆ ನೋಡಿ. ಮಾತು ತೊದಲಿದರೆ, ದಿಕ್ಕು ತಪ್ಪಿದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ.

ರಾತ್ರಿ ಏಳುವ ಭಯಕ್ಕೆ ಮದ್ದು ಇದೆ. ದಿನದ ನೀರಿನಲ್ಲಿ ಹೆಚ್ಚಿನ ಪಾಲು ಸಂಜೆ ಐದರೊಳಗೆ ಹೋಗಲಿ, ಮಲಗುವ ಎರಡು ತಾಸು ಮೊದಲು ನಿಲ್ಲಿಸಲಿ. ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಮೂತ್ರಚೀಲವನ್ನೇ ಕೆರಳಿಸುತ್ತದೆ, ಮಲಬದ್ಧತೆ ಸೇರಿದರೆ ಒತ್ತಡ ಇನ್ನೂ ಹೆಚ್ಚು. ನೀರು ಬಿಟ್ಟರೂ ಅವರು ಏಳುವುದು ತಪ್ಪುತ್ತಿಲ್ಲ, ಅಲ್ಲವೇ? ಕಾಲು ಬಾತಿದ್ದರೆ ಹಗಲು ಒಂದು ತಾಸು ಕಾಲು ಎತ್ತರಕ್ಕಿಟ್ಟು ಮಲಗಲಿ, ಅಲ್ಲಿ ನಿಂತ ನೀರು ಹಗಲೇ ಹೊರಹೋಗುತ್ತದೆ. ಬಚ್ಚಲಿನ ದಾರಿಗೆ ಒಂದು ಸಣ್ಣ ದೀಪ ಹಾಕಿ. ಅನೇಕ ಅಜ್ಜಿಯರಿಗೆ ಏಳುವುದು ಕಷ್ಟವಲ್ಲ, ಕತ್ತಲಲ್ಲಿ ಬೀಳುವ ಹೆದರಿಕೆ. ಮತ್ತೆ, ನೀರು ಅಂತ ಕೊಡಬೇಡಿ. ಹನ್ನೊಂದಕ್ಕೆ ಒಂದು ಲೋಟ ಮಜ್ಜಿಗೆ (ಬಿ.ಪಿ. ಇದೆ, ಉಪ್ಪು ಬೇಡ), ನಾಲ್ಕಕ್ಕೆ ಅಂಬಲಿ ಇಟ್ಟು ನೀವೂ ಜೊತೆಗೆ ಕೂತರೆ ಕುಡಿಯುತ್ತಾರೆ. ಅವರಿಗೆ ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಈ ಮಾತೆಲ್ಲ ಪಕ್ಕಕ್ಕಿಟ್ಟು, ವೈದ್ಯರು ಹೇಳಿದ ಅಳತೆಯೇ ಅಳತೆ.

ಮಗಳನ್ನು ಬೈಯುವ ಮೊದಲು ಒಂದು ಪ್ರಶ್ನೆ ಕೇಳಿ: ಶಾಲೆಯ ಶೌಚಾಲಯಕ್ಕೆ ಚಿಲಕ ಇದೆಯೇ? ನಾನು ಕೇಳಿದ ಎಷ್ಟೋ ಹುಡುಗಿಯರು ತಲೆ ತಗ್ಗಿಸಿ ಕೊಟ್ಟದ್ದು ಅದೇ ಉತ್ತರ. ಚಿಲಕ ಇಲ್ಲ, ನೀರಿಲ್ಲ, ಮುಟ್ಟಿನ ದಿನ ಬಟ್ಟೆ ಹಾಕಲು ಬುಟ್ಟಿ ಇಲ್ಲ. ಒಂದಕ್ಕೆ ಹೋಗಬಾರದು ಅಂತಲೇ ನೀರು ಮುಟ್ಟುವುದಿಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ತಡೆದು ಹಿಡಿದರೆ ಚೀಲದಲ್ಲಿ ರೋಗಾಣು ಬೆಳೆಯಲು ಬೇಕಾದಷ್ಟು ಹೊತ್ತು. 2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ನಮ್ಮಲ್ಲೂ ನೀರು ಕುಡಿಯಲು ಗಂಟೆ ಬಾರಿಸುವ ಕ್ರಮ ಬಂತು. ಒಳ್ಳೆಯದೇ. ಆದರೆ ಗಂಟೆಗಿಂತ ಮೊದಲು ಚಿಲಕ ಬರಬೇಕಿತ್ತು. ನಾಲ್ಕು ತಾಯಂದಿರು ಸೇರಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದೊಂದನ್ನೇ ಕೇಳಿ. ಅಲ್ಲಿಯವರೆಗೆ ಎದ್ದ ಕೂಡಲೇ ಒಂದು ಲೋಟ, ಶಾಲೆಯಿಂದ ಬಂದ ಕೂಡಲೇ ಎರಡು. ಎರಡು ಸಲ ಉರಿಮೂತ್ರ ಆದ ಹುಡುಗಿಗೆ ಮೂತ್ರದ ಕಲ್ಚರ್ ಪರೀಕ್ಷೆ (ಯಾವ ರೋಗಾಣು ಎಂದು ಬೆಳೆಸಿ ನೋಡುವುದು) ಮಾಡಿಸಿ. ಅಂಗಡಿಯವನು ಕೊಟ್ಟ ಮಾತ್ರೆ ಸಾಲದು.

ಯಜಮಾನರಿಗೆ ಹೇಳಿ, ಬೆಳಿಗ್ಗೆ ಕುಡಿದ ಎರಡು ಲೀಟರ್ ಮಧ್ಯಾಹ್ನದ ಬಿಸಿಲಿಗೆ ಉಳಿಯುವುದಿಲ್ಲ. ಮೂತ್ರಪಿಂಡ ತಾಸಿಗೆ ಹೆಚ್ಚೆಂದರೆ ಸುಮಾರು ಒಂದು ಲೀಟರ್ ಹೊರಹಾಕಬಲ್ಲದು. ಅದಕ್ಕೆ ಮೀರಿ ಬರೀ ನೀರು ಸುರಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಕೆಲವೊಮ್ಮೆ ಫಿಟ್ಸ್. ಅವರು ಬಿಸಿಲಲ್ಲಿ ನಿಂತಿರುವಾಗ ಇಪ್ಪತ್ತು ನಿಮಿಷಕ್ಕೊಂದು ಲೋಟ ಕುಡಿಯಲಿ. ಸಂಜೆ ಅಂಗಿಯ ಬೆನ್ನು ನೋಡಿ. ಬಿಳಿ ಬಿಳಿ ಗೆರೆ ಎದ್ದಿದ್ದರೆ ಅದು ಉಪ್ಪು. ಅಂಥ ದಿನ ಬುತ್ತಿಯ ಜೊತೆ ಉಪ್ಪು ಹಾಕಿದ ಮಜ್ಜಿಗೆ ಕಳಿಸಿ. ಜೊತೆಯ ಕೂಲಿಯವರಲ್ಲಿ ಯಾರಾದರೂ ಬಿಸಿಲಲ್ಲಿ ತಡವರಿಸಿ ಮಾತಾಡಿದರೆ, ಬಿದ್ದರೆ, ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಲಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹುಯ್ಯಬಾರದು, ಶ್ವಾಸಕ್ಕೆ ಹೋಗುತ್ತದೆ.

ಕೂಸಿಗೆ ಒಂದು ಚಮಚವೂ ಬೇಡ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೇ ಅದಕ್ಕೆ ನೀರು. ಆ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ ಇದೆ. ಸೆಕೆಯ ದಿನ ಎರಡು ಸಲ ಹೆಚ್ಚು ಹಾಲೂಡಲಿ. ಚಮಚದ ನೀರಿನಿಂದ ಸಣ್ಣ ಹೊಟ್ಟೆ ತುಂಬಿ ಹಾಲು ಕಡಿಮೆಯಾಗುತ್ತದೆ, ಭೇದಿಯೂ ಹತ್ತಬಹುದು. ದಿನಕ್ಕೆ ಆರು ಸಲ ಬಟ್ಟೆ ಒದ್ದೆ ಮಾಡುತ್ತಿದ್ದರೆ ಕೂಸು ಸುಖವಾಗಿದೆ. ನೀರು ಬೇಕಾದದ್ದು ಬಾಣಂತಿಗೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ ಅಂತ ನಿಮ್ಮಲ್ಲೂ ಲೋಟ ಎಣಿಸಿ ಕೊಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಹಾಲೂಡಲು ಕೂತಾಗಲೆಲ್ಲ ಕೈಗೆಟುಕುವಂತೆ ಒಂದು ತಂಬಿಗೆ ನೀರಿರಲಿ.

ಆರನೆಯವರು ನೀವು. ಎಲ್ಲರ ನೀರಿನ ಲೆಕ್ಕ ಬರೆದಿರಿ, ನಿಮ್ಮದು ಬರೆದೇ ಇಲ್ಲ.

ಪ್ರಶ್ನೆ: ಮೂರು ವರ್ಷದ ಮಗನಿಗೆ ಭೇದಿ ಆದಾಗ ಓಆರ್‌ಎಸ್ ಕೊಟ್ಟೆವು, ಆದರೂ ಸುಸ್ತು ಹೋಗಲಿಲ್ಲ. ಪುಡಿ ಒಳ್ಳೆಯದೋ, ಮೆಡಿಕಲ್ ಶಾಪಿನ ಡಬ್ಬಿಯದೋ? – ಸಿಂಧನೂರಿನಿಂದ ಒಬ್ಬ ತಂದೆ

ಉತ್ತರ: ಹೇಗೆ ಕಲಸಿದಿರಿ ಎಂದು ಬರೆದಿಲ್ಲ. ತಪ್ಪಾಗುವುದು ಅಲ್ಲೇ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. 200 ಮಿಲಿಲೀಟರಿನ ಸಣ್ಣ ಪೊಟ್ಟಣವೂ ಇದೆ, ಬೆನ್ನಿನ ಮೇಲೆ ಬರೆದಿರುತ್ತದೆ. ಒಬ್ಬ ತಾಯಿ ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು ಕುಡಿಸಿ, ಬಾಯಾರಿಕೆಯಿಂದ ಕಿರುಚುವ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಇನ್ನೊಬ್ಬಳು ಚಿಟಿಕೆ ಚಿಟಿಕೆ ಹಾಕಿ ಮೂರು ದಿನ ಅದೇ ಪೊಟ್ಟಣ ನಡೆಸಿದ್ದಳು. ಮೊದಲನೆಯದು ಉಪ್ಪು ಹೆಚ್ಚಾಗಿ ಅಪಾಯ, ಎರಡನೆಯದು ಬರೀ ನೀರು. ಕಲಸಿದ್ದನ್ನು 24 ತಾಸಿನೊಳಗೆ ಮುಗಿಸಿ, ಉಳಿದರೆ ಚೆಲ್ಲಿ.

ಡಬ್ಬಿಯ ಸಿಹಿ ಪಾನೀಯ ಬೇಡವೇ ಬೇಡ. ಸಕ್ಕರೆ ಹೆಚ್ಚಾದರೆ ಕರುಳು ನೀರನ್ನು ಒಳಗೆಳೆಯುವ ಬದಲು ಹೊರಗೆ ಬಿಡುತ್ತದೆ, ಭೇದಿ ಜಾಸ್ತಿಯಾಗುತ್ತದೆ. ಅಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ. ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಕರುಳಿನ ಗೋಡೆ ದಾಟುತ್ತವೆ, ನೀರು ಅವುಗಳ ಬೆನ್ನಿಗೆ ಹೋಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಸಾಲದಾದಾಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅದೇ ವಸ್ತು ಇಂದು ನಿಮ್ಮೂರ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪುಕ್ಕಟೆ ಸಿಗುತ್ತದೆ. ಜೊತೆಗೆ ಝಿಂಕ್ ಮಾತ್ರೆಯನ್ನೂ ಕೇಳಿ ತಗೊಳ್ಳಿ, ಭೇದಿ ನಿಂತರೂ 14 ದಿನ ಮುಗಿಸಿ.

ನಡುರಾತ್ರಿ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರದ ಹಾಗೆ ತುಂಬಬಾರದು, ಬೆರಳಿನಿಂದ ಸಮ ಮಾಡಿ. ಪ್ರತಿ ಭೇದಿಯ ನಂತರ ಅರ್ಧದಿಂದ ಒಂದು ಕಪ್ಪು, ಗುಟುಕು ಗುಟುಕಾಗಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ಶುರುಮಾಡಿ. ಅಳುವಾಗ ಕಣ್ಣೀರು ಬರದಿದ್ದರೆ, ಕಣ್ಣು ಒಳಗೆ ಹೋದರೆ, ಆರು ತಾಸು ಮೂತ್ರವಿಲ್ಲದಿದ್ದರೆ, ಮಂಪರು ಕವಿದರೆ ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ಗುಟುಕು ಕೊಡುತ್ತಲೇ ಹೋಗಿ.

ಪ್ರಶ್ನೆ: ದಿನಕ್ಕೆ ಐದು ಸಲ ಚಹಾ ಕುಡಿಯುತ್ತೇನೆ. ಅದು ನೀರಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? – ಹುಬ್ಬಳ್ಳಿ

ಉತ್ತರ: ಬರುತ್ತದೆ. ರೂಢಿಯಾದವರಿಗೆ ಚಹಾ ಕೊಡುವಷ್ಟು ನೀರನ್ನು ಕಸಿಯುವುದಿಲ್ಲ. ನನ್ನ ತಕರಾರು ಐದು ಸಲದ ಸಕ್ಕರೆಯ ಮೇಲೆ. ಊಟದ ಜೊತೆಗೆ ಕುಡಿಯಬೇಡಿ, ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ.

ಪ್ರಶ್ನೆ: ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಬೇಸಿಗೆಯಲ್ಲಿ ನೀರು ಕೇಳಿ ಅಳುತ್ತಾರೆ. ಕೊಡಲೇ? – ವಿಜಯಪುರ

ಉತ್ತರ: ಇವರಿಗೆ ಮೇಲಿನ ಯಾವ ಸಲಹೆಯೂ ಸಲ್ಲದು. ಸಾಮಾನ್ಯವಾಗಿ ಹಿಂದಿನ ದಿನದ ಮೂತ್ರದಷ್ಟು ಮತ್ತು ಮೇಲೆ ಅರ್ಧ ಲೀಟರ್, ಅದರಲ್ಲೇ ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಬೇಕು. ನಿಮ್ಮ ತಂದೆಯ ಅಳತೆಯನ್ನು ಅವರ ವೈದ್ಯರೇ ಹೇಳಬೇಕು. ಆ ಅಳತೆಯನ್ನು ಬೆಳಿಗ್ಗೆಯೇ ಒಂದು ಬಾಟ್ಲಿಗೆ ತುಂಬಿಡಿ, ಬೇರೆ ಏನು ಕುಡಿದರೂ ಅಷ್ಟು ನೀರು ಅದರಿಂದ ಚೆಲ್ಲಿ. ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಬಿಟ್ಟರೆ ಬಾಯಾರಿಕೆ ಅರ್ಧ ಇಳಿಯುತ್ತದೆ. ಲೋಟದ ನೀರಿನ ಬದಲು ಒಂದು ಸಣ್ಣ ಮಂಜುಗಡ್ಡೆ ಬಾಯಲ್ಲಿಡಿ, ಹೆಚ್ಚು ಹೊತ್ತು ತಣಿಸುತ್ತದೆ. ಎಳನೀರು ಮಾತ್ರ ಕೊಡಲೇಬೇಡಿ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಹೃದಯ ನಿಂತೀತು. ದಿನಾ ಬೆಳಿಗ್ಗೆ ತೂಕ ಬರೆದಿಟ್ಟು ಮುಂದಿನ ಡಯಾಲಿಸಿಸ್‌ಗೆ ಹೋಗುವಾಗ ಆ ಪುಸ್ತಕವನ್ನೂ ಒಯ್ಯಿರಿ.