ಮನೆಯಲ್ಲೇ ಕಾರು ರಿಪೇರಿ ಮಾಡಲು ಎಂಥ ಇಂಪ್ಯಾಕ್ಟ್ ರೆಂಚ್ ತಗೊಳ್ಳಬೇಕು?

ಇಂಪ್ಯಾಕ್ಟ್ ರೆಂಚ್ ಅಂದರೆ ಏಟಿನ ಮೇಲೆ ಏಟು ಕೊಟ್ಟು ನಟ್ ತಿರುಗಿಸುವ ಯಂತ್ರ. ಚಕ್ರ ಬಿಚ್ಚುವುದು, ಬ್ರೇಕ್ ಪ್ಯಾಡ್ ಬದಲಿಸುವುದು ಇಷ್ಟೇ ಕೆಲಸವಾದರೆ ಅರ್ಧ ಇಂಚಿನ ಡ್ರೈವ್ (ನಟ್ ಹಿಡಿಯುವ ಸಾಕೆಟ್ ಸಿಕ್ಕಿಸುವ ಚೌಕ ತುದಿ) ಇರುವ, 18 ಅಥವಾ 20 ವೋಲ್ಟ್‌ನ ಬ್ಯಾಟರಿ ರೆಂಚ್ ಸಾಕು. ಪಂಕ್ಚರ್ ಅಂಗಡಿಯ ಏರ್ ಗನ್ ನೋಡಿ ಆಸೆಪಡಬೇಡಿ. ಅದಕ್ಕೆ ದೊಡ್ಡ ಕಂಪ್ರೆಸರ್ ಬೇಕು.

ಸಣ್ಣ ಕಾರುಗಳ ವೀಲ್ ನಟ್‌ಗೆ ಸುಮಾರು 100 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಬಿಗಿ ಸಾಮಾನ್ಯ. ಹಾಗಾದರೆ 150ರ ಮೆಷಿನ್ ಸಾಲದೇ? ಸಾಲದು. ತುಕ್ಕು ಹಿಡಿದ ನಟ್, ಇಲ್ಲವೇ ಯಾರೋ ಏರ್ ಗನ್‌ನಲ್ಲಿ ಸಿಕ್ಕಾಪಟ್ಟೆ ಬಿಗಿದ ನಟ್, ಅದರ ಎರಡು ಮೂರು ಪಟ್ಟು ಬಲ ಕೇಳಬಹುದು. 300ರಿಂದ 400 ಇದ್ದರೆ ನಿಶ್ಚಿಂತೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವುದು ಹೆಚ್ಚಾಗಿ ಬಿಚ್ಚುವ ಬಲ. ಬಿಗಿಯುವ ಬಲ ಅದಕ್ಕಿಂತ ಕಡಿಮೆ ಇರುತ್ತದೆ, ಎರಡನ್ನೂ ಓದಿ.

ಹೆಸರು ನೋಡಿ ಇಂಪ್ಯಾಕ್ಟ್ ಡ್ರಿಲ್ ತಂದುಬಿಟ್ಟೀರಿ, ಅದು ಗೋಡೆ ಕೊರೆಯುವುದಕ್ಕೆ!

ಮನೆಯಲ್ಲಿರುವ ಹೊಳೆಯುವ ಕ್ರೋಮ್ ಸಾಕೆಟ್ ಇದಕ್ಕೆ ಹಾಕಬೇಡಿ. ಏಟಿಗೆ ಒಡೆದು ಚೂರು ಕಣ್ಣಿಗೆ ಸಿಡಿಯಬಹುದು. ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್‌ಗಳನ್ನೇ ಕೊಳ್ಳಿ.

ನನ್ನ ಮಟ್ಟಿಗಂತೂ ಇದು ಬಿಚ್ಚುವ ಯಂತ್ರ. ವಾಪಸ್ ಹಾಕುವಾಗ ನಟ್ ಅನ್ನು ಕೈಯಲ್ಲೇ ಕೂರಿಸಿ, ಕಾರಿನ ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ ಟಾರ್ಕ್ ರೆಂಚ್‌ನಿಂದ (ಎಷ್ಟು ಬಲಕ್ಕೆ ಬಿಗಿದಿದೆ ಎಂದು ತಿಳಿಸುವ ಕೈ ಸ್ಪ್ಯಾನರ್) ಬಿಗಿಯಿರಿ.